ಹಳೆಯ ಯುರೋಪಿನ ರೇಷ್ಮೆ ಕೊಳ್ಳುವವರೇ, ಭಾರಕ್ಕೆ ಮರುಳಾಗಬೇಡಿ

ಫ್ರಾನ್ಸಿನ ಲಿಯೋನ್ ನಗರದ 18ನೇ ಶತಮಾನದ ಟಾಫೆಟಾ (ಗರಿಗರಿಯಾದ ರೇಷ್ಮೆ ಬಟ್ಟೆ) ಎಂದು ಮಾರಿದ ಗುಲಾಬಿ ಪಟ್ಟೆಯ ಪರದೆಯೊಂದು ಮೊದಲ ಸಲ ನೀರು ಕಂಡ ಕೂಡಲೇ ಚಿಂದಿಯಾಗಿದೆ. "ಕೈಗೆ ಭಾರ, ಸರಸರ ಸದ್ದು, ಅಸಲಿ ಮಾಲು" ಎಂದಿದ್ದರು ಮಾರಿದವರು. ಕೊಂಡವರು ರೇಷ್ಮೆ ಸೀರೆಗೆ ಮಾಡುವಂತೆ ಅಂಟುವಾಳದ ನೀರಲ್ಲಿ ಅದ್ದಿದರು. ಎತ್ತುವಾಗ ಉದ್ದುದ್ದಕ್ಕೆ ಸೀಳಿತು: ಹೊಕ್ಕಿನ (ಅಡ್ಡ) ಎಳೆಗಳು ತುಂಡುತುಂಡಾಗಿ ಉದುರಿ, ಹಾಸಿನ (ಉದ್ದ) ಎಳೆಗಳಷ್ಟೇ ಬಿಚ್ಚಿದ ಜಡೆಯಂತೆ ಜೋತುಬಿದ್ದವು.

ಆ ಭಾರದಲ್ಲಿ ರೇಷ್ಮೆಯಷ್ಟೇ ಇರಲಿಲ್ಲ, ತವರವೂ ಇತ್ತು. ಕಚ್ಚಾ ರೇಷ್ಮೆಯನ್ನು ಸೋಪಿನ ನೀರಲ್ಲಿ ಕುದಿಸಿ ಸೆರಿಸಿನ್ ಅಂಟು ತೆಗೆದರೆ 100 ಗ್ರಾಂಗೆ ಉಳಿಯುವುದು ಸುಮಾರು 75 ಗ್ರಾಂ. ಆದರೆ ವ್ಯಾಪಾರ ನಡೆಯುತ್ತಿದ್ದದ್ದು ತೂಕದ ಲೆಕ್ಕದಲ್ಲಿ. ಹೋದ ತೂಕವನ್ನು ಬಣ್ಣ ಹಾಕುವವರು ಲೋಹದ ಲವಣದಿಂದ ತುಂಬಿಸುತ್ತಿದ್ದರು. 1890ರ ದಶಕದಲ್ಲಿ ಈ ಕ್ರಮ ಕುದುರಿತು: ತವರದ ಕ್ಲೋರೈಡ್‌ನಲ್ಲಿ ನೆನೆಸಿ, ತೊಳೆದು, ಸೋಡಿಯಂ ಫಾಸ್ಫೇಟ್‌ಗೆ ಹಾಕಿ, ಅದನ್ನೇ ಮತ್ತೆ ಮತ್ತೆ ಮಾಡಿ, ಕೊನೆಗೆ ಸೋಡಿಯಂ ಸಿಲಿಕೇಟ್. ಕಪ್ಪು ಬಟ್ಟೆಗೆ ಕಬ್ಬಿಣ ಮತ್ತು ಟ್ಯಾನಿನ್ (ಗಿಡಮರಗಳ ಒಗರು ಸಾರ). ಅಲ್ಲಂತೂ ರೇಷ್ಮೆಗಿಂತ ಲವಣದ ಪಾಲೇ ಹೆಚ್ಚಾದದ್ದುಂಟು. ಮಗ್ಗದ ಎಳೆತ ತಡೆಯಬೇಕಾದ ಹಾಸನ್ನು ಸಾಮಾನ್ಯವಾಗಿ ಸ್ವಲ್ಪ ಬಿಟ್ಟು, ಹೊಕ್ಕಿಗೇ ಹೆಚ್ಚು ಏರಿಸುತ್ತಿದ್ದರು. ಬೆಳಕು, ತೇವ ಸೇರಿದರೆ ಎಳೆ ಒಳಗಿಂದಲೇ ಸಾಯುತ್ತದೆ.

ನಮ್ಮಲ್ಲಿ ಎಳೆ ಸುಟ್ಟು ಕೂದಲು ಸುಟ್ಟ ವಾಸನೆ ಬಂದರೆ "ಅಪ್ಪಟ ರೇಷ್ಮೆ" ಎಂದುಬಿಡುತ್ತಾರೆ. ತವರ ಕುಡಿದ ರೇಷ್ಮೆಗೂ ಅದೇ ವಾಸನೆ! ಬೂದಿ ನೋಡಿ. ಅಪ್ಪಟದ್ದಾದರೆ ಬೆರಳಲ್ಲಿ ಪುಡಿಯಾಗುವ ಕಪ್ಪು ಗುಂಡು. ಲವಣ ಸೇರಿದ್ದಾದರೆ ಎಳೆಯ ಆಕಾರದಲ್ಲೇ ನಿಲ್ಲುವ ಬೂದಿಯ ಅಸ್ಥಿಪಂಜರ. ಹೊಲಿಗೆಯ ಒಳಗೆ ಸಡಿಲವಾಗಿರುವ ಒಂದೆಳೆ ಈ ಪರೀಕ್ಷೆಗೆ ಸಾಕು.

ವಿನ್ಯಾಸ ನೋಡಿ ಕಾಲ ಹೇಳುವವರನ್ನು ನಂಬಬೇಡಿ. ಹಳೆಯ ವಿನ್ಯಾಸಗಳನ್ನು ಲಿಯೋನ್‌ನಲ್ಲಿ 19ನೇ ಶತಮಾನದಲ್ಲೂ ನೇಯ್ದಿದ್ದಾರೆ. ಅಂಚಿನ ಮಡಿಕೆ ಬಿಚ್ಚಿ, ಬಿಸಿಲು ಕಾಣದ ಬಣ್ಣ ನೋಡಿ. ಈ ಪರದೆಯ ಮಡಿಕೆಯೊಳಗೆ ಇದ್ದದ್ದು ಕಣ್ಣು ಕುಕ್ಕುವ ಮಜೆಂಟಾ. ಆ ಕೃತಕ ಬಣ್ಣ ಹುಟ್ಟಿದ್ದೇ 1859ರಲ್ಲಿ, ಅದೂ ಲಿಯೋನ್‌ನಲ್ಲಿ.

ಈಗಾಗಲೇ ಕೊಂಡಿದ್ದರೆ ಒಗೆಯಬೇಡಿ, ಇಸ್ತ್ರಿ ಬೇಡ, ಸೂಜಿಯೂ ಬೇಡ. ಪ್ರತಿ ತೂತಿನಿಂದ ಹೊಸ ಸೀಳು ಹೊರಡುತ್ತದೆ. ಮಡಚದೆ, ಆಮ್ಲರಹಿತ ಕಾಗದ ಸುತ್ತಿದ ದಪ್ಪ ಕೊಳವೆಗೆ ಸುರುಳಿ ಸುತ್ತಿಡಿ. ಪ್ರದರ್ಶಿಸಲೇಬೇಕೆಂದರೆ ಚಪ್ಪಟೆಯಾಗಿ ಹರಡಿ, ಬೆಳಕು 50 ಲಕ್ಸ್ (ಬೆಳಕಿನ ಪ್ರಮಾಣದ ಅಳತೆ) ಮೀರದಂತೆ.