ಪೆಟ್ರೋಲ್, ಡೀಸೆಲ್, ಎಲೆಕ್ಟ್ರಿಕ್: ಸರ್ವಿಸ್ ಯಾವುದಕ್ಕೆ ಎಷ್ಟು?

ಕಾರು ಕೊಳ್ಳುವಾಗ ಪೆಟ್ರೋಲ್, ಡೀಸೆಲ್, ಎಲೆಕ್ಟ್ರಿಕ್ ಈ ಮೂರರಲ್ಲಿ ಯಾವುದು ಒಳ್ಳೆಯದು ಎಂಬ ಪ್ರಶ್ನೆ ಬರುತ್ತದೆ. ಮೊದಲು ನಿಮ್ಮ ಓಡಾಟ ನೋಡಿಕೊಳ್ಳಿ.

ಸರ್ವಿಸ್ ಖರ್ಚು ಎಲೆಕ್ಟ್ರಿಕ್‌ಗೆ ಕಮ್ಮಿ. ಎಂಜಿನ್ ಆಯಿಲ್, ಸ್ಪಾರ್ಕ್ ಪ್ಲಗ್ ಇಲ್ಲವೇ ಇಲ್ಲ. ಆದರೆ ಗಾಡಿ ಭಾರ, ಟೈರ್ ಬೇಗ ಸವೆಯಬಹುದು. ಪೆಟ್ರೋಲ್, ಡೀಸೆಲ್ ಎರಡಕ್ಕೂ ಸಾಮಾನ್ಯವಾಗಿ 10,000 ಕಿ.ಮೀ. ಅಥವಾ 1 ವರ್ಷಕ್ಕೆ ಆಯಿಲ್ ಬದಲಿಸಬೇಕು, ಯಾವುದು ಮೊದಲೋ ಅದು. ಸುಮ್ನೆ ನಿಲ್ಲಿಸಿದ್ದರೂ ಆಯಿಲ್ ಹಳೆಯದಾಗುತ್ತದೆ, ದಯವಿಟ್ಟು ಮರೆಯಬೇಡಿ.

ಡೀಸೆಲ್‌ಗೆ ಆರೈಕೆ ಜಾಸ್ತಿ. ಫ್ಯೂಯೆಲ್ ಫಿಲ್ಟರ್‌ನಲ್ಲಿ ಸೇರುವ ನೀರು ತೆಗೆಸಬೇಕು. ಹೊಸ ಗಾಡಿಗಳಲ್ಲಿ ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಎಂಬ ಫಿಲ್ಟರ್ ಇರುತ್ತದೆ. ದಿನಾ ಬರೀ 3-4 ಕಿ.ಮೀ. ಓಡಿಸಿದರೆ ಮಸಿ ಸುಡುವಷ್ಟು ಬಿಸಿಯಾಗದೆ ಅದು ಕಟ್ಟಿಕೊಳ್ಳುತ್ತದೆ. ಹೆದ್ದಾರಿಯಲ್ಲಿ ದೂರ ಹೋಗುವವರಿಗೆ ಆ ಚಿಂತೆಯಿಲ್ಲ, ಅವರಿಗೆ ಡೀಸೆಲ್ ಸರಿ. ಊರೊಳಗಿನ ಓಡಾಟ, ಮನೆಯಲ್ಲೇ ಚಾರ್ಜಿಂಗ್ ಇದ್ದರೆ ಎಲೆಕ್ಟ್ರಿಕ್. ಚಾರ್ಜಿಂಗ್ ಇಲ್ಲ, ಓಡಾಟವೂ ಕಮ್ಮಿ ಅಂದರೆ ಪೆಟ್ರೋಲ್.