ಜೈಸಲ್ಮೇರಿನ ಪಟವಾ ಹವೇಲಿ: ಕುಮಟೆಯವರು ನೋಡಲೇಬೇಕಾದ ಸಾಹುಕಾರರ ಮನೆ

ನಮ್ಮ ಕಡೆಯಿಂದ ರಾಜಸ್ಥಾನದ ಜೈಸಲ್ಮೇರಿಗೆ ಹೋದವರು ಕೋಟೆ ನೋಡಿ, ಮರಳಿನಲ್ಲಿ ಒಂಟೆ ಹತ್ತಿ ತಿರುಗಿ ಬಂದುಬಿಡುತ್ತಾರೆ. ಪಟವಾ ಹವೇಲಿಗೂ ಅರ್ಧ ದಿನ ತೆಗೆದಿಡಿ.

ಗುಮಾನ್ ಚಂದ್ ಪಟವಾ ಎಂಬ ವ್ಯಾಪಾರಿ ತನ್ನ ಐದು ಗಂಡುಮಕ್ಕಳಿಗೆಂದು 1805ರಲ್ಲಿ ಕಟ್ಟಿಸಲು ತೊಡಗಿದ ಐದು ಮನೆಗಳ ಸಾಲು ಇದು. ಮುಗಿಯಲು ದಶಕಗಳೇ ಹಿಡಿದವು. ಜರಿ, ಅಫೀಮು, ಲೇವಾದೇವಿ ಅವರ ಕಸುಬು. ಮೊದಲನೇ ಮನೆ ಈಗ ಕೊಠಾರಿ ಎಂಬ ಮನೆತನದವರ ಖಾಸಗಿ ಮ್ಯೂಸಿಯಂ. ಸರ್ಕಾರದ ವಶದಲ್ಲಿರುವ ಭಾಗಕ್ಕೆ ಬೇರೆ ಟಿಕೆಟ್. ಒಂದಕ್ಕೇ ಪುರಸೊತ್ತಿದ್ದರೆ ಕೊಠಾರಿಯವರದ್ದಕ್ಕೆ ಹೋಗಿ, ಮನೆಯ ಸಾಮಾನು ಅಲ್ಲಿದೆ.

ಹಳದಿ ಮರಳುಗಲ್ಲಿನ ಝರೋಕಾಗಳನ್ನು, ಅಂದರೆ ಗೋಡೆಯಿಂದ ಹೊರಚಾಚಿದ ಕಿಟಕಿಗಳನ್ನು, ಇಕ್ಕಟ್ಟಾದ ಓಣಿಯಲ್ಲಿ ಕತ್ತೆತ್ತಿ ನೋಡಬೇಕು. ಜಾಲಂಧ್ರದ ಹತ್ತಿರ ಹೋಗಿ ನೋಡಿದೆ: ಕಲ್ಲನ್ನು ಕೊರೆದು ಕೊರೆದು, ತೂತು ತೂತಿನ ನಡುವೆ ಬೆರಳಿಗಿಂತ ತೆಳ್ಳಗಿನ ಎಳೆಯಷ್ಟೇ ಉಳಿಸಿದ್ದಾರೆ. ಹೊರಗೆ ಸುಡುಬಿಸಿಲಿದ್ದರೂ ಅದರ ಹಿಂದೆ ನಿಂತರೆ ಗಾಳಿ ಆಡುತ್ತದೆ. ಕನ್ನಡಿ ಚೂರು ಕೂರಿಸಿದ ಕೋಣೆಯಲ್ಲಿ ಎಲ್ಲರೂ ಫೋಟೋಕ್ಕೆ ನಿಲ್ಲುತ್ತಾರೆ. ನಮ್ಮ ಆಯಿ ಮಾತ್ರ ಅಡುಗೆಮನೆ ಬಿಟ್ಟು ಕದಲಲಿಲ್ಲ. ಹಿತ್ತಾಳೆ, ತಾಮ್ರದ ಪಾತ್ರೆಗಳನ್ನು ಒಂದೊಂದಾಗಿ ನೋಡುತ್ತ, ಯಾವುದು ಯಾತಕ್ಕೆಂದು ತನ್ನಷ್ಟಕ್ಕೇ ಹೇಳಿಕೊಳ್ಳುತ್ತಿದ್ದಳು. ಮೆಟ್ಟಿಲು ಕಡಿದು, ಬಾಗಿಲು ಗಿಡ್ಡ. ಮೊಣಕಾಲು ನೋವಿದ್ದವರು ನಿಧಾನ ಹತ್ತಿ, ಆದರೆ ಮಾಳಿಗೆಯ ತನಕ ಹೋಗಿ. ಅಲ್ಲಿಂದ ಕೋಟೆ ಎದುರಿಗೇ ಕಾಣುತ್ತದೆ.

ಸಿಂಧ್, ಅಫ್ಘಾನಿಸ್ತಾನದ ಕಡೆ ಹೋಗುತ್ತಿದ್ದ ಒಂಟೆ ಸಾಲಿನ ಮೇಲೆ ಆ ಊರಿನ ಸಿರಿ ನಿಂತಿತ್ತು. ಮುಂಬಯಿ ಬಂದರು ಬೆಳೆದಂತೆ ಸರಕೆಲ್ಲ ಸಮುದ್ರದ ದಾರಿ ಹಿಡಿಯಿತು, ಊರು ಬಡವಾಯಿತು. ಇದನ್ನು ಕೇಳುವಾಗ ನನಗೆ ನಮ್ಮ ಕುಮಟೆಯೇ ಕಣ್ಣಮುಂದೆ ಬಂತು. ಧಾರವಾಡ ಸೀಮೆಯ ಹತ್ತಿ ಘಟ್ಟ ಇಳಿದು ನಮ್ಮ ಬಂದರಿನಿಂದ ಮುಂಬಯಿಗೆ ಹೋಗುತ್ತಿತ್ತು. ಪೇಟೆಯಲ್ಲಿ ಆ ಹತ್ತಿಗೇ ಕುಮಟಾ ಎಂಬ ಹೆಸರು ಬಿತ್ತು. 1861ರಿಂದ 1865ರವರೆಗಿನ ಅಮೆರಿಕದ ಅಂತರ್ಯುದ್ಧದಲ್ಲಿ ಅಲ್ಲಿನ ಹತ್ತಿ ಸಿಗದಂತಾಗಿ ನಮ್ಮ ಹತ್ತಿಯ ದರ ಗಗನಕ್ಕೇರಿತು. ಆಮೇಲೆ ಗೋವೆಯ ಮುರ್ಮುಗೋವಾ ಬಂದರಿಗೆ ರೈಲು ಬಂತು, ಹತ್ತಿ ಅತ್ತ ಹೋಯಿತು. ಅವರ ವ್ಯಾಪಾರವನ್ನು ಹಡಗು ಕಿತ್ತುಕೊಂಡಿತು, ನಮ್ಮದನ್ನು ರೈಲು.

ಅವರ ಮನೆ ಉಳಿದಿದೆ, ದೇಶವೆಲ್ಲ ಬಂದು ನೋಡುತ್ತಿದೆ. ನಮ್ಮಲ್ಲೂ ಜಗುಲಿ, ಮಾಳಿಗೆ, ವ್ಯಾಪಾರದ ಮಂಡಿ ಕೋಣೆ ಇರುವ ಒಂದೇ ಒಂದು ಹಳೇ ಸಾಹುಕಾರರ ಮನೆಯನ್ನು ಹಾಗೇ ಉಳಿಸಿ, ಶಾಲೆ ಮಕ್ಕಳನ್ನು ಕರೆದೊಯ್ದು ತೋರಿಸುವಂತಾಗಬೇಕು. ಅಟ್ಟದ ಮೇಲೆ ಅಜ್ಜನ ಕಾಲದ ಕಿರ್ದಿ ಪುಸ್ತಕ, ತಕ್ಕಡಿ, ತೂಕದ ಬಟ್ಟು ಇದ್ದವರು ದಯವಿಟ್ಟು ಅದನ್ನು ಗುಜರಿಗೆ ಹಾಕಬೇಡಿ.