ಟ್ರೇಲರ್‌ಗೆ ಬ್ಯಾಟರಿ ಹಾಕಿಸುವವರೇ, ಮೇಲೆ ಅಂಟಿಸಿದ ಸ್ಟಿಕ್ಕರ್ ನಂಬಬೇಡಿ

ಸಿಟ್ಟು ಇನ್ನೂ ಇಳಿದಿಲ್ಲ. ಬರಹ ಹಿಂದೆ ಮುಂದೆ ಆಗಿದ್ದರೂ ದಯವಿಟ್ಟು ಪೂರ್ತಿ ಓದಿ. ಕರೆಂಟ್ ಕನೆಕ್ಷನ್ ಇಲ್ಲದ ಕಡೆ ಟ್ರೇಲರ್ (ವಾಹನದ ಹಿಂದೆ ಎಳೆದೊಯ್ಯುವ ಮನೆಯಂಥ ಗಾಡಿ) ನಿಲ್ಲಿಸಿ ಉಳಿಯುವವರು ಖಂಡಿತ ಓದಿ. ನನಗೆ 200 ಎಎಚ್ (ಆಂಪಿಯರ್-ಅವರ್, ಬ್ಯಾಟರಿಯಲ್ಲಿ ಎಷ್ಟು ಹಿಡಿಯುತ್ತದೆ ಎಂಬ ಅಳತೆ) ಎಂದು ಮಾರಿದ ಬ್ಯಾಟರಿಗಳು 200 ಎಎಚ್ ಅಲ್ಲ. ಡೀಪ್ ಸೈಕಲ್, ಅಂದರೆ ಪದೇ ಪದೇ ಆಳಕ್ಕೆ ಖಾಲಿ ಮಾಡಿ ತುಂಬಿಸಲು ಮಾಡಿದ ಬ್ಯಾಟರಿ, ಅಂದದ್ದು ಡೀಪ್ ಸೈಕಲ್ಲೂ ಅಲ್ಲ.

ನಾನು ಕೇಳಿದ್ದು ಇಷ್ಟೇ. ರಾತ್ರಿಯಿಡೀ ಗ್ಯಾಸ್ ಹೀಟರ್ ಓಡಬೇಕು, ಜೊತೆಗೆ ಲೈಟು, ನೀರಿನ ಪಂಪು. ಹೀಟರ್ ಉರಿಯುವುದು ಗ್ಯಾಸಿನಲ್ಲಿ, ಆದರೆ ಅದರ ಫ್ಯಾನ್‌ಗೆ ಬ್ಯಾಟರಿಯೇ ಗತಿ. ನನ್ನ ಹೀಟರಿನ ಫ್ಯಾನ್ ಒಂದೇ 7-8 ಆಂಪ್ ಎಳೆಯುತ್ತದೆ. ಇದನ್ನೆಲ್ಲ ಅಂಗಡಿಯವನ ಮುಂದೆಯೇ ಲೆಕ್ಕ ಹಾಕಿ ತೋರಿಸಿದ್ದೆ. "ತಲೆ ಕೆಡಿಸ್ಕೋಬೇಡಿ ಸರ್, ಎರಡು ಡೀಪ್ ಸೈಕಲ್ ಹಾಕ್ತೀನಿ. ಒಂದೊಂದೂ 100 ಎಎಚ್, ಪ್ಯಾರಲಲ್ ಕೊಟ್ಟರೆ 200" ಎಂದ. ಲೆಡ್ ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಬಾರದು, ನಿಮಗೆ ಗೊತ್ತಿರುವುದೇ. ಹಾಗಿದ್ದರೂ 100 ಎಎಚ್ ಕೈಗೆ ಸಿಗಬೇಕು, ಅಲ್ವಾ?

ಹಾಕಿದ ಮೇಲೆ ಒಳಗಿನ ಪ್ಯಾನೆಲ್‌ನ ಬಟನ್ ಒತ್ತಿದ. ಬ್ಯಾಟರಿ ಎಷ್ಟು ತುಂಬಿದೆ ಎಂದು ತೋರಿಸುವ ನಾಲ್ಕೂ ಲೈಟ್ ಹತ್ತಿದವು. "ನೋಡಿ ಸರ್, ಫುಲ್!" ಟ್ರೇಲರ್‌ನ ವೈರ್ ಇನ್ನೂ ಅವನ ಅಂಗಡಿಯ ಪ್ಲಗ್‌ನಲ್ಲೇ ಇತ್ತು. ಆಗ ಆ ಪ್ಯಾನೆಲ್ ತೋರಿಸುವುದು ಚಾರ್ಜರ್ ಕೊಡುತ್ತಿರುವ ವೋಲ್ಟೇಜನ್ನು. ಬ್ಯಾಟರಿಯಲ್ಲಿ ಎಷ್ಟಿದೆ ಎಂದು ಅದಕ್ಕೆ ಗೊತ್ತೇ ಆಗುವುದಿಲ್ಲ. ದಿನಾ ಇದೇ ಕೆಲಸ ಮಾಡುವವನಿಗೆ ಇದು ಗೊತ್ತಿಲ್ಲವೇ? ಗೊತ್ತಿದ್ದೇ ತೋರಿಸಿದ.

ಕರೆಂಟ್ ಇಲ್ಲದ ಕಡೆ ಉಳಿದ ಮೊದಲ ರಾತ್ರಿಯೇ, ಬೆಳಗಿನ ಜಾವ ಹೀಟರ್ ನಿಂತಿತು. ಫ್ಯಾನ್ ತಿಣುಕುತ್ತಾ ತಿರುಗುತ್ತಿದೆ, ಉರಿ ಹತ್ತುತ್ತಿಲ್ಲ. ಗಾಳಿ ಸಾಕಷ್ಟು ಬರದಿದ್ದರೆ ಒಳಗಿನ ಸ್ವಿಚ್ ಗ್ಯಾಸ್ ಹೊತ್ತಿಸಲು ಬಿಡುವುದಿಲ್ಲ. ಮಕ್ಕಳು ನಡುಗುತ್ತಾ ಎದ್ದು ಕೂತರು. ಮಲ್ಟಿಮೀಟರ್ ಹಿಡಿದೆ. ಹೀಟರ್ ಆಫ್ ಮಾಡಿ, ಸ್ವಲ್ಪ ಬಿಟ್ಟು ನೋಡಿದರೂ 11.6 ವೋಲ್ಟ್. ತುಂಬಿದ ಬ್ಯಾಟರಿ 12.6 ಇರಬೇಕು, ಅರ್ಧಕ್ಕೆ ಇಳಿದರೆ 12.1 ಆಸುಪಾಸು. 11.6 ಅಂದರೆ ಪೂರ್ತಿ ಖಾಲಿ. ಹೊಸ ಬ್ಯಾಟರಿ, ಒಂದೇ ರಾತ್ರಿ!

ಬೆಳಕಾದ ಮೇಲೆ ಬ್ಯಾಟರಿ ಬಾಕ್ಸ್ ತೆಗೆದೆ. "ಡೀಪ್ ಸೈಕಲ್ 100 ಎಎಚ್" ಎಂಬ ಸ್ಟಿಕ್ಕರಿನ ಒಂದು ಮೂಲೆ ಎದ್ದಿತ್ತು. ಎಳೆದೆ. ಕೆಳಗೆ ಕಂಪನಿಯ ಅಸಲಿ ಲೇಬಲ್. ಸಿಸಿಎ (ಚಳಿಯಲ್ಲಿ ಎಂಜಿನ್ ಸ್ಟಾರ್ಟ್ ಮಾಡಲು ಕೊಡಬಲ್ಲ ಆಂಪ್) 550, ರಿಸರ್ವ್ ಕೆಪಾಸಿಟಿ 100 ನಿಮಿಷ. ಎಎಚ್ ಅನ್ನುವುದು ಎಲ್ಲೂ ಇಲ್ಲ. ಇನ್ನೊಂದರ ಸ್ಟಿಕ್ಕರ್ ಕಿತ್ತೆ, ಅದರಲ್ಲೂ ಅದೇ. ಕೈ ನಡುಗಿತು, ಸತ್ಯವಾಗಿ ಹೇಳುತ್ತೇನೆ.

ಸಿಸಿಎ ಬರೆಯುವುದು ಮುಖ್ಯವಾಗಿ ಎಂಜಿನ್ ಸ್ಟಾರ್ಟ್ ಮಾಡುವ ಬ್ಯಾಟರಿಗೆ. ಅದರ ಪ್ಲೇಟು ತೆಳು, ಪದೇ ಪದೇ ಖಾಲಿ ಮಾಡಿದರೆ ಬೇಗ ಹಾಳಾಗುತ್ತದೆ. ರಿಸರ್ವ್ ಕೆಪಾಸಿಟಿ ಅಂದರೆ 25 ಆಂಪ್ ಎಳೆದಾಗ ಎಷ್ಟು ನಿಮಿಷ ಬರುತ್ತದೆ ಎಂಬುದು. 25ನ್ನು 100ರಿಂದ ಗುಣಿಸಿ 60ರಿಂದ ಭಾಗಿಸಿ. 42 ಎಎಚ್ ಕೂಡ ಇಲ್ಲ. ನಿಧಾನಕ್ಕೆ ಎಳೆದರೆ ಸ್ವಲ್ಪ ಜಾಸ್ತಿ ಸಿಗಬಹುದು, 100 ಮಾತ್ರ ಯಾವ ಲೆಕ್ಕದಲ್ಲೂ ಆಗುವುದಿಲ್ಲ.

ಅಂಗಡಿಯವನಿಗೆ ಫೋನ್ ಮಾಡಿದೆ. "ನೀವು ಜಾಸ್ತಿ ಬಳಸಿದ್ದೀರಿ ಸರ್." ಫೋಟೋ ಕಳಿಸಿದೆ. "ಸ್ಟಿಕ್ಕರ್ ನಮ್ಮದಲ್ಲ, ಹಾಗೇ ಬಂದಿದ್ದು." ಮತ್ತೆ ಮಾಡಿದೆ. "ಸ್ಟಿಕ್ಕರ್ ಕಿತ್ತಿದ್ದೀರಲ್ಲ, ಇನ್ನು ವಾರಂಟಿ ಬರಲ್ಲ." ಅವನದ್ದಲ್ಲದ ಸ್ಟಿಕ್ಕರ್ ಕಿತ್ತರೆ ಅವನ ವಾರಂಟಿ ಹೇಗೆ ಹೋಗುತ್ತದೆ? ಉತ್ತರ ಇಲ್ಲ. ಕೊನೆಗೆ, "ಲಿಥಿಯಂ ಹಾಕಿಸ್ಕೊಳ್ಳಿ ಸರ್, ಡಿಸ್ಕೌಂಟ್ ಕೊಡ್ತೀನಿ, ಹಳೇದು ತೆಗೆದು ಇದನ್ನ ಇಟ್ಟರೆ ಆಯ್ತು." ನನ್ನ ಚಾರ್ಜರ್ 13.6 ವೋಲ್ಟ್ ದಾಟುವುದಿಲ್ಲ, ಲಿಥಿಯಂ ಬ್ಯಾಟರಿಗೆ ಸಾಮಾನ್ಯವಾಗಿ ಹೇಳುವುದು 14.2ರಿಂದ 14.6. ಸೊನ್ನೆ ಡಿಗ್ರಿಗಿಂತ ಕೆಳಗೆ ಅದನ್ನು ಚಾರ್ಜ್ ಮಾಡಲೇಬಾರದು. ಇದ್ಯಾವುದನ್ನೂ ಅವನು ಬಾಯಿಬಿಟ್ಟು ಹೇಳಲಿಲ್ಲ. ಮತ್ತೊಂದು ಸಲ ಮೋಸ ಮಾಡಲು ರೆಡಿಯಾಗಿದ್ದ!

ನೀವು ಹಾಕಿಸುವಾಗ ಕಂಪನಿಯ ಲೇಬಲ್ ಓದಿ. ಎಎಚ್ ಇಲ್ಲದೆ ಸಿಸಿಎ ಮಾತ್ರ ಕಂಡರೆ ಬೇಡ ಅನ್ನಿ. ಪ್ಲಗ್ ತೆಗೆಸಿ, ಕೆಲವು ಗಂಟೆ ಬಿಟ್ಟು, ನಿಮ್ಮದೇ ಮೀಟರ್ ಹಿಡಿದು ನೋಡಿ. ನಾಲ್ಕು ಲೈಟ್ ತೋರಿಸುವವನಿಗೆ ದುಡ್ಡು ಕೊಡಬೇಡಿ.

ಬಿಲ್ಲಿನಲ್ಲೂ "ಡೀಪ್ ಸೈಕಲ್ 100 ಎಎಚ್, 2" ಎಂದೇ ಬರೆದಿದ್ದಾನೆ. ಅದು, ಎರಡು ಲೇಬಲ್‌ಗಳ ಫೋಟೋ, ಅವನ ಮೆಸೇಜುಗಳು, ಎಲ್ಲ ಸೇರಿಸಿ ದೂರು ಕೊಡುತ್ತಿದ್ದೇನೆ. ನಿಮಗೂ ಹೀಗೆ ಆಗಿದ್ದರೆ ಸ್ಟಿಕ್ಕರ್ ಕೀಳುವ ಮೊದಲು ವಿಡಿಯೋ ಮಾಡಿಕೊಳ್ಳಿ.